ಒಂದು ಬೀದಿ ಹಿಡಿದು ಒಂದು ಊರು: ಅಮೆರಿಕದ ಸಣ್ಣ ಪಟ್ಟಣದ ಚರಿತ್ರೆ ಬರೆಯುವ ದಾರಿ

ಅಮೆರಿಕದ ಸಣ್ಣ ಪಟ್ಟಣವೊಂದರ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಊರು ಹುಟ್ಟಿದ ಕಥೆಯಿಂದ ಶುರು ಮಾಡುತ್ತಾರೆ. ಮೊದಲು ಬಂದ ಕುಟುಂಬ, ಮೊದಲ ಮರದ ಮನೆ, ಮೊದಲ ಹಿಟ್ಟಿನ ಗಿರಣಿ. ಎಡವುವುದು ಅಲ್ಲೇ. ಆ ಕಥೆ ಬಹುಪಾಲು ಬರುವುದು 1870 ಮತ್ತು 1880ರ ದಶಕಗಳಲ್ಲಿ ಅಚ್ಚಾದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಚರಿತ್ರೆಗಳಿಂದ. ಅವು ಚಂದಾ ಎತ್ತಿ ಮಾಡಿದ ಪುಸ್ತಕಗಳು. ಚಂದಾ ಕೊಟ್ಟವರ ಬದುಕಿನ ಕಥೆ ಪುಟಗಟ್ಟಲೆ ಇರುತ್ತದೆ, ಕೊಡದವರು ಆ ಊರಿನಲ್ಲಿ ಇರಲೇ ಇಲ್ಲವೇನೋ ಎನ್ನುವಂತಿರುತ್ತದೆ. ಆ ಪುಸ್ತಕಗಳನ್ನು ಓದಿ, ಆದರೆ ಕೊನೆಗೆ ಓದಿ.

ಶುರು ಮಾಡಬೇಕಾದದ್ದು ಮೇನ್ ಸ್ಟ್ರೀಟಿನ, ಅಂದರೆ ಊರಿನ ಮುಖ್ಯ ಅಂಗಡಿಬೀದಿಯ, ಒಂದೇ ಒಂದು ಬ್ಲಾಕಿನಿಂದ. ಎರಡು ಅಡ್ಡಬೀದಿಗಳ ನಡುವೆ ಎದುರುಬದುರು ನಿಂತ ಹನ್ನೆರಡರಿಂದ ಇಪ್ಪತ್ತು ಕಟ್ಟಡಗಳು ಸಾಕು. ಬ್ಯಾಂಕು, ಕಿರಾಣಿ, ಔಷಧಿ ಅಂಗಡಿ, ಮಹಡಿಯ ಮೇಲೊಂದು ಸಂಘದ ಸಭಾಂಗಣ, ಮೂಲೆಯಲ್ಲೊಂದು ಹೋಟೆಲ್ ಇರುವ ಬ್ಲಾಕು ಸಿಕ್ಕರೆ ಇಡೀ ಊರೇ ಅದರೊಳಗೆ ಸಿಗುತ್ತದೆ. ಕಟ್ಟಡಕ್ಕೆ ಮಾಲೀಕರಿದ್ದರು, ಬಾಡಿಗೆದಾರರಿದ್ದರು, ಸಾಲ ಕೊಟ್ಟವರಿದ್ದರು. ಒಂದು ಕಟ್ಟಡ ಹಿಡಿದು ಹೋದರೆ ಕೌಂಟಿ ಚರಿತ್ರೆ ಕೈಬಿಟ್ಟವರೂ ದಾಖಲೆಯಲ್ಲಿ ಎದುರಾಗುತ್ತಾರೆ.

ಅದಕ್ಕೆ ಮೊದಲು ಒಂದು ಸಣ್ಣ ಕೆಲಸವಿದೆ. ನಿಮ್ಮ ಊರು ಕಾನೂನಿನ ಲೆಕ್ಕದಲ್ಲಿ ಏನು ಎಂದು ನೋಡಿಕೊಳ್ಳಿ. ಟೌನ್, ವಿಲೇಜ್, ಬರೋ, ಸಿಟಿ, ಟೌನ್‌ಶಿಪ್ ಎಂಬ ಪದಗಳ ಅರ್ಥ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಕಾನೂನು ಪ್ರಕಾರ ‘ಟೌನ್’ ಆಗಿರುವುದು ಬ್ಲೂಮ್ಸ್‌ಬರ್ಗ್ ಒಂದೇ. ಇದು ಬರೀ ಹೆಸರಿನ ಮಾತಲ್ಲ, ದಾಖಲೆ ಎಲ್ಲಿದೆ ಎಂಬುದು ಇದರ ಮೇಲೆ ನಿಂತಿದೆ. ಬಹುಪಾಲು ರಾಜ್ಯಗಳಲ್ಲಿ ಜಮೀನಿನ ಕ್ರಯಪತ್ರಗಳು ಕೌಂಟಿ ಕೋರ್ಟ್‌ಹೌಸಿನಲ್ಲಿರುತ್ತವೆ. ವರ್ಮಾಂಟ್, ಕನೆಕ್ಟಿಕಟ್, ರೋಡ್ ಐಲೆಂಡ್‌ಗಳಲ್ಲಿ ಅವು ಆಯಾ ಊರಿನ ಟೌನ್ ಕ್ಲರ್ಕ್ ಹತ್ತಿರ ಇರುತ್ತವೆ. ಕೌಂಟಿ ಒಡೆದು ಎರಡಾಗಿದ್ದರೆ ಹಳೆಯ ಪತ್ರಗಳು ಈಗಿನ ಕೌಂಟಿಯಲ್ಲಿ ಇರುವುದಿಲ್ಲ, ತಾಯಿ ಕೌಂಟಿಯಲ್ಲಿರುತ್ತವೆ. ದೂರದಿಂದ ಪ್ರಯಾಣ ಮಾಡಿ ಬಂದು ಬರಿಗೈಯಲ್ಲಿ ಮರಳುವವರಲ್ಲಿ ಹೆಚ್ಚಿನವರು ಇದನ್ನು ನೋಡಿಕೊಳ್ಳದವರು.

ಬೆಂಕಿ ವಿಮೆಯ ನಕ್ಷೆ

1867ರಲ್ಲಿ ಡಿ. ಎ. ಸ್ಯಾನ್‌ಬಾರ್ನ್ ಎಂಬ ಸರ್ವೇಯರ್ ಶುರು ಮಾಡಿದ ಕಂಪನಿ ಮುಂದೆ ಸುಮಾರು 12,000 ಊರುಗಳ ನಕ್ಷೆ ಬರೆಯಿತು. ದೂರದ ನಗರದಲ್ಲಿ ಕೂತ ವಿಮಾ ಗುಮಾಸ್ತರಿಗೆ ಯಾವ ಕಟ್ಟಡ ಎಷ್ಟು ಬೇಗ ಹೊತ್ತಿಕೊಂಡೀತು, ಪಕ್ಕದ್ದಕ್ಕೆ ಹೇಗೆ ಹರಡೀತು ಎಂದು ತಿಳಿಯಬೇಕಿತ್ತು. ಆ ಭಯದಿಂದಾಗಿಯೇ ನಮಗೆ ಇಷ್ಟು ಸೂಕ್ಷ್ಮವಾದ ಚಿತ್ರ ಉಳಿದಿದೆ. ಇಂಥ ಸಾವಿರಾರು ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಅಳತೆ ಸಾಮಾನ್ಯವಾಗಿ ಒಂದು ಇಂಚಿಗೆ 50 ಅಡಿ. ಗುಲಾಬಿ ಬಣ್ಣ ಬಳಿದಿದ್ದರೆ ಇಟ್ಟಿಗೆ, ಹಳದಿ ಇದ್ದರೆ ಮರ, ನೀಲಿ ಇದ್ದರೆ ಕಲ್ಲು, ಬೂದು ಇದ್ದರೆ ಲೋಹ. ಕಟ್ಟಡದ ಮೂಲೆಯ ಅಂಕಿ ಎಷ್ಟು ಅಂತಸ್ತು ಎಂಬುದನ್ನು ಹೇಳುತ್ತದೆ. ‘ಡಿ’ ಎಂದರೆ ವಾಸದ ಮನೆ, ‘ಎಸ್’ ಎಂದರೆ ಅಂಗಡಿ, ‘ಸಾಲ್’ ಎಂದರೆ ಮದ್ಯದಂಗಡಿ. ಪಶ್ಚಿಮದ ಗಣಿ ಊರುಗಳಲ್ಲಿ ‘ಎಫ್.ಬಿ.’ ಎಂದು ಕಂಡರೆ ಅದು ವೇಶ್ಯಾಗೃಹ. ‘ಫೀಮೇಲ್ ಬೋರ್ಡಿಂಗ್’ (ಹೆಂಗಸರ ವಸತಿ) ಎಂಬ ಮುಸುಕಿನ ಹೆಸರಿನ ಮೊದಲಕ್ಷರಗಳು ಅವು. ಮೊದಲ ಹಾಳೆಯ ಮೂಲೆಯನ್ನು ಮರೆಯದೆ ಓದಿ. ಊರಿನ ಜನಸಂಖ್ಯೆ, ಗಾಳಿ ಹೆಚ್ಚಾಗಿ ಬೀಸುವ ದಿಕ್ಕು, ನೀರಿನ ವ್ಯವಸ್ಥೆ, ಅಗ್ನಿಶಾಮಕ ದಳದ ಸಲಕರಣೆ ಎಲ್ಲ ಅಲ್ಲಿ ನಾಲ್ಕು ಸಾಲಿನಲ್ಲಿರುತ್ತವೆ. ಸ್ವಯಂಸೇವಕರ ದಳ ಊರಿನ ಬದುಕಿನ ನಡುಮನೆಯಂತಿದ್ದ ಕಾಲದಲ್ಲಿ ಆ ದಳದ ಹತ್ತಿರ ನಿಜಕ್ಕೂ ಎಷ್ಟು ಅಡಿ ಕೊಳವೆ ಇತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ನಿಮ್ಮ ಬ್ಲಾಕಿನ ಎಲ್ಲ ವರ್ಷಗಳ ಹಾಳೆಗಳನ್ನೂ ಇಳಿಸಿಕೊಳ್ಳಿ. ಒಂದು ಕೋಷ್ಟಕ ಮಾಡಿ, ಪ್ರತಿ ಕಟ್ಟಡಕ್ಕೆ ಒಂದು ಸಾಲು, ಪ್ರತಿ ವರ್ಷದ ನಕ್ಷೆಗೆ ಒಂದು ಕಂಬಸಾಲು. 1886ರಲ್ಲಿ ಹಳದಿಯಾಗಿದ್ದ ಆರು ಕಟ್ಟಡಗಳು 1892ರಲ್ಲಿ ಗುಲಾಬಿಯಾಗಿದ್ದರೆ ನಡುವೆ ಬೆಂಕಿ ಬಿದ್ದಿರಬಹುದು. ಆಮೇಲೆ ಮರದ ಕಟ್ಟಡ ಕೂಡದೆಂದು ಊರಿನ ಮಂಡಳಿ ನಿಯಮ ಮಾಡಿರಲೂಬಹುದು. ಎರಡನ್ನೂ ಪತ್ರಿಕೆಯಲ್ಲಿ ಹುಡುಕಲು ಈಗ ನಿಮಗೆ ಆರು ವರ್ಷಗಳ ಎಲ್ಲೆ ಸಿಕ್ಕಿತು.

ಇಲ್ಲಿ ಮೂರು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಹಳೆಯ ಮೈಕ್ರೋಫಿಲ್ಮ್ ಪ್ರತಿಗಳಲ್ಲಿ ಬಣ್ಣ ಇರುವುದಿಲ್ಲ, ಇಟ್ಟಿಗೆಯೋ ಮರವೋ ತಿಳಿಯದು. ಎರಡನೆಯದಾಗಿ, ಕಂಪನಿ ಹೊಸ ನಕ್ಷೆ ಅಚ್ಚು ಮಾಡುವ ಬದಲು ತಿದ್ದುಪಡಿಯ ಚೀಟಿಗಳನ್ನು ಹಳೆಯ ಹಾಳೆಯ ಮೇಲೆ ಅಂಟಿಸುತ್ತಿತ್ತು. ಹಾಗಾಗಿ ಮೇಲೆ ಒಂದು ವರ್ಷ ಅಚ್ಚಾಗಿದ್ದರೂ ಒಳಗಿನ ಕಟ್ಟಡಗಳು ಎಷ್ಟೋ ವರ್ಷ ಆಮೇಲಿನವು ಆಗಿರಬಹುದು. ಅಂಟಿಸಿದ ಚೀಟಿಯ ಅಂಚು ಸ್ಕ್ಯಾನ್‌ನಲ್ಲಿ ತೆಳುವಾದ ನೆರಳಿನಂತೆ ಕಾಣುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ವಿಮೆ ಮಾಡಿಸುವಷ್ಟು ಬೆಲೆ ಇಲ್ಲದ ಮನೆಗಳ ಬೀದಿಗಳು ನಕ್ಷೆಗೆ ಸೇರುತ್ತಲೇ ಇರಲಿಲ್ಲ. ರೈಲು ಹಳಿಯ ಆಚೆ ನಕ್ಷೆ ಖಾಲಿ ಇದ್ದರೆ ಅಲ್ಲಿ ಯಾರೂ ಇರಲಿಲ್ಲ ಎಂದು ಬರೆದುಬಿಡಬೇಡಿ.

ಕಟ್ಟಡದ ಮುಂದೆಯೂ ಹೋಗಿ ನಿಲ್ಲಿ. ಅಂಗಡಿಯ ಮುಂಭಾಗದ ಎರಕದ ಕಬ್ಬಿಣದ ಕಂಬಗಳ ಬುಡದಲ್ಲಿ, ಪಾದಚಾರಿ ಹಾದಿಯಿಂದ ಒಂದು ಗೇಣು ಮೇಲೆ, ಬಣ್ಣದ ಹತ್ತಾರು ಪದರಗಳ ಅಡಿಯಲ್ಲಿ ತಯಾರಕರ ಹೆಸರು ಉಬ್ಬಕ್ಷರದಲ್ಲಿರುತ್ತದೆ. ಬೆರಳಾಡಿಸಿದರೆ ಕಣ್ಣಿಗಿಂತ ಬೇಗ ತಿಳಿಯುತ್ತದೆ. ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್, ಇಂಡಿಯಾನಾದ ಎವನ್ಸ್‌ವಿಲ್‌ನ ಜಾರ್ಜ್ ಎಲ್. ಮೆಸ್ಕರ್ ಕಂಪನಿಗಳು ಇಂಥ ಮುಂಭಾಗಗಳನ್ನು ಕ್ಯಾಟಲಾಗ್ ಮೂಲಕ ಮಾರಿ ರೈಲಿನಲ್ಲಿ ಕಳಿಸುತ್ತಿದ್ದವು. ಆದರೆ ಮುಂಭಾಗದ ವಯಸ್ಸೇ ಕಟ್ಟಡದ ವಯಸ್ಸಲ್ಲ. ಹಳೆಯ ಗೋಡೆಗೆ ಹೊಸ ಮುಖ ಹಾಕಿಸುವುದು ಆಗ ಮಾಮೂಲಿಯಾಗಿತ್ತು.

ಕ್ರಯಪತ್ರಗಳ ಸರಪಳಿ

ಕೋರ್ಟ್‌ಹೌಸಿನಲ್ಲಿ ಎರಡು ಸೂಚಿಗಳಿರುತ್ತವೆ. ಒಂದು ಮಾರಿದವರ ಹೆಸರಿನದು, ಇನ್ನೊಂದು ಕೊಂಡವರ ಹೆಸರಿನದು. ಹಿಂದಕ್ಕೆ ಹೋಗುವಾಗ ಕೊಂಡವರ ಸೂಚಿ ಹಿಡಿಯಬೇಕು.

1. ತೆರಿಗೆ ಕಚೇರಿಯಿಂದ ಈಗಿನ ಮಾಲೀಕರ ಹೆಸರು ಮತ್ತು ನಿವೇಶನದ ಕಾನೂನು ವಿವರ ಪಡೆಯಿರಿ. ‘ಮೂಲ ಊರು, ಬ್ಲಾಕ್ 7, ಲಾಟ್ 4ರ ಪೂರ್ವದ 22 ಅಡಿ’ ಎಂಬಂತಿರುತ್ತದೆ, ಲಾಟ್ ಎಂದರೆ ನಿವೇಶನ. ಮನೆ ಸಂಖ್ಯೆಯನ್ನು ನಂಬಿ ಹೊರಡಬೇಡಿ. ಊರುಗಳು ಒಮ್ಮೆಯಾದರೂ ಸಂಖ್ಯೆ ಬದಲಿಸಿರುತ್ತವೆ, ಲಾಟು ಮತ್ತು ಬ್ಲಾಕು ಬದಲಾಗುವುದು ಅಪರೂಪ.
2. ಆ ಹೆಸರನ್ನು ಕೊಂಡವರ ಸೂಚಿಯಲ್ಲಿ ಹುಡುಕಿ, ಪುಸ್ತಕ ಮತ್ತು ಪುಟ ಬರೆದುಕೊಂಡು, ಪತ್ರ ತೆರೆಯಿರಿ. ಮಾರಿದವರು ಅದನ್ನು ಎಲ್ಲಿಂದ ಪಡೆದರು ಎಂಬ ಉಲ್ಲೇಖ ಎಷ್ಟೋ ಪತ್ರಗಳಲ್ಲಿ ಕೊನೆಗೆ ಪುಸ್ತಕ-ಪುಟ ಸಮೇತ ಇರುತ್ತದೆ. ಇಲ್ಲದಿದ್ದರೆ ಮಾರಿದವರ ಹೆಸರನ್ನು ಮತ್ತೆ ಕೊಂಡವರ ಸೂಚಿಯಲ್ಲಿ ಹುಡುಕಿ.
3. ಹೀಗೆ ಸರ್ಕಾರ ಕೊಟ್ಟ ಮೊದಲ ಪತ್ರದವರೆಗೆ, ಇಲ್ಲವೇ ಊರಿನ ನಿವೇಶನಗಳನ್ನು ಗುರುತು ಮಾಡಿದ ಪ್ಲಾಟ್ ನಕ್ಷೆಯವರೆಗೆ ಹೋಗಿ.

ಸರಪಳಿ ಕಡಿದರೆ ಗಾಬರಿಯಾಗಬೇಡಿ. ಬಹಳ ಸಲ ಆಸ್ತಿ ಮಾರಾಟವಾಗಿರುವುದಿಲ್ಲ, ವಾರಸಾಗಿ ಬಂದಿರುತ್ತದೆ. ಆಗ ಪ್ರೊಬೇಟ್ ಕಡತದಲ್ಲಿ, ಅಂದರೆ ಸತ್ತವರ ಆಸ್ತಿ ಹಂಚಿಕೆಯ ನ್ಯಾಯಾಲಯದ ಕಡತದಲ್ಲಿ, ಉಯಿಲು ಹುಡುಕಬೇಕು. ಆ ಕಡತದಲ್ಲಿ ಸತ್ತವರ ಅಂಗಡಿಯ ಸಾಮಾನಿನ ಪಟ್ಟಿಯೂ ಇದ್ದರೆ ನಿಮ್ಮ ಅದೃಷ್ಟ. ಬಟ್ಟೆಯ ಥಾನು, ಮೊಳೆಯ ಪೀಪಾಯಿ, ಯಾರ್ಯಾರು ಎಷ್ಟು ಉದ್ರಿ ಬಾಕಿ ಉಳಿಸಿಕೊಂಡಿದ್ದರು ಎಂಬುದರ ಸಮೇತ ಒಂದು ಅಂಗಡಿ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ಮದುವೆಯಿಂದ ಹೆಂಗಸಿನ ಹೆಸರು ಬದಲಾಗಿ ದಾರಿ ತಪ್ಪುವುದೂ ಉಂಟು. ತೆರಿಗೆ ಬಾಕಿಗೆ ಹರಾಜಾಗಿದ್ದರೆ ಮಾರಿದವರ ಜಾಗದಲ್ಲಿ ಕೌಂಟಿಯ ಪೊಲೀಸ್ ಅಧಿಕಾರಿಯಾದ ಶೆರಿಫ್ ಹೆಸರು ಇರಬಹುದು.

ಪತ್ರದಲ್ಲಿ ‘ಒಂದು ಡಾಲರ್ ಮತ್ತು ಇತರ ಪ್ರತಿಫಲ’ ಎಂದಿದ್ದರೆ ನಿಜವಾದ ಬೆಲೆ ಮುಚ್ಚಿಟ್ಟಿದ್ದಾರೆ ಎಂದರ್ಥ. 1940ರಿಂದ 1967ರವರೆಗಿನ ಪತ್ರವಾದರೆ ಇದಕ್ಕೊಂದು ಉಪಾಯವಿದೆ. ಫೆಡರಲ್ ರೆವಿನ್ಯೂ ಸ್ಟಾಂಪಿನ ದರ ಪ್ರತಿ 500 ಡಾಲರಿಗೆ 55 ಸೆಂಟ್ ಇತ್ತು. ಅಂಚಿನಲ್ಲಿ 5.50 ಡಾಲರಿನ ಸ್ಟಾಂಪು ಇದ್ದರೆ ಬೆಲೆ ಸುಮಾರು 5,000 ಡಾಲರ್. ಕೊಂಡವರು ಹಳೆಯ ಅಡಮಾನವನ್ನೂ ವಹಿಸಿಕೊಂಡಿದ್ದರೆ ಆ ಮೊತ್ತ ಈ ಲೆಕ್ಕದಲ್ಲಿ ಸೇರಿರುವುದಿಲ್ಲ.

ಕ್ರಯಪತ್ರ ಜಮೀನಿನ ಕೈಬದಲಾವಣೆ ಹೇಳುತ್ತದೆ, ಕಟ್ಟಡ ಯಾವಾಗ ಎದ್ದಿತು ಎಂದು ಹೇಳುವುದಿಲ್ಲ. ಅದಕ್ಕೆ ತೆರಿಗೆ ಪುಸ್ತಕ ನೋಡಿ: ಒಂದು ವರ್ಷ 150 ಡಾಲರಿದ್ದ ಲಾಟಿನ ಮೌಲ್ಯ ಮುಂದಿನ ವರ್ಷ 1,800 ಆಗಿದ್ದರೆ ಕಟ್ಟಡ ಎದ್ದಿದೆ. ಮಧ್ಯಪಶ್ಚಿಮದ ರಾಜ್ಯಗಳಲ್ಲಿ ಜಮೀನಿನ ವಿವರ ಚೌಕಗಳಲ್ಲಿರುತ್ತದೆ: ಆರು ಮೈಲಿ ಉದ್ದಗಲದ ಟೌನ್‌ಶಿಪ್, ಅದರಲ್ಲಿ 640 ಎಕರೆಯ 36 ಸೆಕ್ಷನ್‌ಗಳು. 1785ರ ಭೂ ಕಾಯ್ದೆ 16ನೇ ಸೆಕ್ಷನ್ ಅನ್ನು ಶಾಲೆಗೆಂದು ಮೀಸಲಿಟ್ಟಿತು. ಊರಿನ ಮೊದಲ ಶಾಲೆಯ ಖರ್ಚು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಎಷ್ಟೋ ಸಲ ಆ ಸೆಕ್ಷನ್ನಿನ ಮಾರಾಟದಲ್ಲಿದೆ. ಪೂರ್ವದ ಹಳೆಯ ರಾಜ್ಯಗಳಲ್ಲಾದರೆ ಚಕ್ಕುಬಂದಿಯ ಲೆಕ್ಕ. ‘ಬಿಳಿ ಓಕ್ ಮರದಿಂದ ಉತ್ತರಕ್ಕೆ 20 ಪೋಲ್’ ಎಂದಿದ್ದರೆ ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ, ನಾಲ್ಕು ಪೋಲ್ ಎಂದರೆ 66 ಅಡಿಯ ಒಂದು ಸರಪಳಿ. ಆ ಓಕ್ ಮರ ಈಗ ಇರುವುದಿಲ್ಲ. ಅಕ್ಕಪಕ್ಕದ ಜಮೀನಿನ ಪತ್ರಗಳನ್ನು ಜೋಡಿಸಿ ಎಲ್ಲೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಜನಗಣತಿಯಲ್ಲಿ ಬೀದಿಯ ಜನ

ಫೆಡರಲ್ ಜನಗಣತಿಯ ಹಾಳೆಗಳು 72 ವರ್ಷ ಗುಟ್ಟಾಗಿರುತ್ತವೆ. 1950ರದು 2022ರ ಏಪ್ರಿಲ್‌ನಲ್ಲಿ ತೆರೆದಿದೆ, 1960ರದಕ್ಕೆ 2032ರವರೆಗೆ ಕಾಯಬೇಕು. 1850ಕ್ಕಿಂತ ಹಿಂದಿನ ಗಣತಿಗಳಲ್ಲಿ ಮನೆಯ ಯಜಮಾನರ ಹೆಸರು ಮಾತ್ರ ಇದೆ, ಉಳಿದವರು ಬರೀ ಅಂಕಿ. 1850 ಮತ್ತು 1860ರಲ್ಲಿ ಗುಲಾಮರಾಗಿದ್ದವರನ್ನು ಬೇರೆ ಹಾಳೆಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಹಾಕಿ ಎಣಿಸಿದರು. ದಕ್ಷಿಣದ ಊರಿನ ಅರ್ಧ ಜನ ಹೆಸರಿನೊಂದಿಗೆ ಗಣತಿಯಲ್ಲಿ ಮೊದಲ ಬಾರಿ ಕಾಣುವುದು 1870ರಲ್ಲಿ. ಆ ಹಾಳೆಯನ್ನು ನಿಧಾನವಾಗಿ ಓದಬೇಕು.

1890ರದು ಬಹುಪಾಲು ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಹಾಳಾಯಿತು, ಉಳಿದದ್ದನ್ನೂ ಆಮೇಲೆ ವಿಲೇವಾರಿ ಮಾಡಿದರು. ಮೇನ್ ಸ್ಟ್ರೀಟುಗಳು ಇಟ್ಟಿಗೆಯಲ್ಲಿ ಎದ್ದ ದಶಕವೇ ಅದು. ಆ ಕಂದಕ ದಾಟಲು ರಾಜ್ಯಗಳ ಗಣತಿ ನೋಡಿ: ಕಾನ್ಸಸ್, ಅಯೋವಾ, ಮಿನ್ನೆಸೋಟಾಗಳಲ್ಲಿ 1885 ಮತ್ತು 1895, ನ್ಯೂಯಾರ್ಕ್‌ನಲ್ಲಿ 1892.

ಯಾವ ದಿನಕ್ಕೆ ಎಣಿಸಿದರು ಎಂಬುದನ್ನೂ ಗಮನಿಸಿ. 1910ರದು ಏಪ್ರಿಲ್ 15, 1920ರದು ಜನವರಿ 1. ಚಳಿಗಾಲದ ನಡುವೆ ಎಣಿಸಿದ್ದರಿಂದ ಹೊಲಗೆಲಸದ ಆಳುಗಳು 1920ರಲ್ಲಿ ಬೇರೆಡೆ ಇದ್ದಿರಬಹುದು. ಅವರ ಸಂಖ್ಯೆ ಕುಸಿದಂತೆ ಕಂಡರೆ ಊರು ಬಡವಾಯಿತು ಎಂದು ತೀರ್ಮಾನಿಸಬೇಡಿ. 1940ರ ಹಾಳೆಯಲ್ಲಿ ಒಂದು ಹೆಸರಿನ ಪಕ್ಕ ವೃತ್ತದೊಳಗೆ ಗುಣಾಕಾರದ ಗುರುತು ಇರುತ್ತದೆ. ಗಣತಿದಾರರಿಗೆ ಉತ್ತರ ಕೊಟ್ಟವರು ಅವರು. ಗುರುತು ಆ ಮನೆಯಲ್ಲೊಂದು ಕೋಣೆ ಬಾಡಿಗೆಗೆ ಹಿಡಿದಿದ್ದವರ ಮುಂದಿದ್ದರೆ ಆ ಮನೆಯವರ ವಯಸ್ಸು, ಓದು ಎಲ್ಲವನ್ನೂ ಅನುಮಾನಿಸಿಯೇ ಓದಿ.

ವಾರಪತ್ರಿಕೆ ಓದುವ ಕ್ರಮ

ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹದಲ್ಲಿ ಸಾವಿರಾರು ಹಳೆಯ ಪತ್ರಿಕೆಗಳಿವೆ. ಹುಡುಕುಪೆಟ್ಟಿಗೆಯಲ್ಲಿ ಹೆಸರು ಹಾಕಿ ಸಿಕ್ಕಿದ್ದನ್ನಷ್ಟೇ ಓದುವವರು ಅರ್ಧಕ್ಕರ್ಧ ಕಳೆದುಕೊಳ್ಳುತ್ತಾರೆ, ಏಕೆಂದರೆ ಮಸುಕಾದ ಅಚ್ಚನ್ನು ಯಂತ್ರ ತಪ್ಪುತಪ್ಪಾಗಿ ಓದಿರುತ್ತದೆ. ನಕ್ಷೆಯಿಂದ ಸಿಕ್ಕ ವರ್ಷಗಳ ಎಲ್ಲೆ ಹಿಡಿದು ಪುಟ ಪುಟವಾಗಿ ತಿರುಗಿಸುವುದೇ ಒಳ್ಳೆಯದು. ನಾಲ್ಕು ಪುಟದ ವಾರಪತ್ರಿಕೆ, ವರ್ಷಕ್ಕೆ 52 ಸಂಚಿಕೆ. ಸ್ಥಳೀಯ ಅಂಕಣ ಮಾತ್ರ ಓದಿದರೆ ಒಂದು ವರ್ಷಕ್ಕೆ ಎರಡು ದಿನ ಸಾಕು.

ಪ್ರತಿ ಪುಟವೂ ಆ ಊರಿನದಲ್ಲ. 1860ರ ದಶಕದಿಂದ ಸಣ್ಣ ಪತ್ರಿಕೆಗಳು ಎರಡು ಪುಟ ಮೊದಲೇ ಅಚ್ಚಾಗಿ ಬಂದ ಕಾಗದವನ್ನು ನಗರದಿಂದ ತರಿಸಿ, ಉಳಿದ ಎರಡು ಪುಟವನ್ನು ತಾವೇ ಅಚ್ಚು ಮಾಡುತ್ತಿದ್ದವು. ಕಥೆ, ದೇಶವಿದೇಶದ ಸುದ್ದಿ, ಪೇಟೆಂಟ್ ಔಷಧಿಗಳ ಜಾಹೀರಾತು ಇರುವ ಪುಟ, ಅಕ್ಷರದ ಮೊಳೆಗಳೂ ಬೇರೆ ಎಂದರೆ ಅದು ಬೇರೆಡೆಯ ಅಚ್ಚು. ಅದರಲ್ಲಿರುವ ಅಭಿಪ್ರಾಯವನ್ನು ಊರಿನವರ ಅಭಿಪ್ರಾಯ ಎಂದು ಬರೆದವರಿದ್ದಾರೆ.

ನಿಮ್ಮ ಬಂಗಾರ ಇರುವುದು ಒಂದೊಂದು ಸಾಲಿನ ಸುದ್ದಿಗಳಲ್ಲಿ. ಯಾರ ಮನೆಗೆ ಯಾವ ಊರಿನ ನೆಂಟರು ಬಂದರು, ಯಾರು ಹೊಸ ಛಾವಣಿ ಹಾಕಿಸಿದರು, ಯಾವ ಚರ್ಚಿನಲ್ಲಿ ಐಸ್‌ಕ್ರೀಂ ಕೂಟ, ಪೋಸ್ಟ್ ಆಫೀಸು ಯಾವ ಅಂಗಡಿಗೆ ಹೋಯಿತು. ಪೋಸ್ಟ್ ಮಾಸ್ಟರ್ ಹುದ್ದೆ ಆಳುವ ಪಕ್ಷದ ಕೊಡುಗೆಯಾಗಿದ್ದರಿಂದ ಅಧ್ಯಕ್ಷರು ಬದಲಾದಾಗ ಅಂಚೆಯೂ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಜೊತೆಗೆ ಗಿರಾಕಿಗಳೂ. 1832ರಿಂದ 1971ರವರೆಗಿನ ಪೋಸ್ಟ್ ಮಾಸ್ಟರ್ ನೇಮಕಗಳ ದಾಖಲೆ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಸುದ್ದಿಯನ್ನು ಅದರೊಂದಿಗೆ ತಾಳೆ ನೋಡಬಹುದು. ಪತ್ರಿಕೆಯಲ್ಲಿ ವಿವಾಹಿತ ಹೆಂಗಸರು ಗಂಡನ ಹೆಸರಿನಲ್ಲೇ ಇರುತ್ತಾರೆ. ಅವರ ಸ್ವಂತ ಹೆಸರನ್ನು ಗಣತಿಯಿಂದ ತಂದು ನಿಮ್ಮ ಬರಹದಲ್ಲಿ ಹಾಕಿ. ಇದು ಬಿಡಬಾರದ ಕೆಲಸ.

ಸಂಘ, ಚರ್ಚು, ಸಭೆ

ಊರಿನ ಬದುಕು ನಡೆದದ್ದು ಬಹುಪಾಲು ಅಂಗಡಿಗಳ ಮಹಡಿಯ ಮೇಲೆ. ಆಡ್ ಫೆಲೋಸ್, ಮೇಸನ್ನರು ಎಂಬ ಸೋದರ ಸಂಘಗಳು, ಅಂತರ್ಯುದ್ಧದ ಉತ್ತರ ಪಡೆಯ ಯೋಧರ ಸಂಘವಾದ ಗ್ರಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್, 1867ರಲ್ಲಿ ಹುಟ್ಟಿದ ಗ್ರೇಂಜ್ ಎಂಬ ರೈತರ ಸಂಘ. ಇವುಗಳ ನಡಾವಳಿ ಪುಸ್ತಕಗಳು ಹಲವು ಸಲ ಸಂಘದ ಕೊನೆಯ ಕಾರ್ಯದರ್ಶಿಯ ಮಕ್ಕಳ ಮನೆಯ ಅಟ್ಟದಲ್ಲಿರುತ್ತವೆ, ಗ್ರಂಥಾಲಯದಲ್ಲಲ್ಲ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಮನೆ ಖಾಲಿ ಮಾಡುವ ದಿನ ಕಸಕ್ಕೆ ಹೋಗುತ್ತವೆ. ಚರ್ಚಿನ ನಡಾವಳಿಯಲ್ಲಿ ಭಾಷೆ ಯಾವ ತಿಂಗಳು ಬದಲಾಯಿತು ಎಂದು ನೋಡಿ. ಜರ್ಮನ್ ಮಾತಾಡುವ ಎಷ್ಟೋ ಸಭೆಗಳು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲಿಷಿಗೆ ಹೊರಳಿದವು. ಅಯೋವಾದಲ್ಲಂತೂ 1918ರ ಮೇ ತಿಂಗಳಲ್ಲಿ ಗವರ್ನರ್ ವಿಲಿಯಂ ಹಾರ್ಡಿಂಗ್ ಸಾರ್ವಜನಿಕವಾಗಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದು ಘೋಷಣೆ ಹೊರಡಿಸಿದರು. ಪ್ರಾರ್ಥನೆಗೂ ಆ ನಿಷೇಧ ತಟ್ಟಿತು.

ನ್ಯೂ ಇಂಗ್ಲೆಂಡಿನ (ವರ್ಮಾಂಟ್, ಕನೆಕ್ಟಿಕಟ್ ಮೊದಲಾದ ಈಶಾನ್ಯದ ರಾಜ್ಯಗಳ) ಊರಾದರೆ ವಾರ್ಷಿಕ ಟೌನ್ ರಿಪೋರ್ಟ್ ಸಿಗುತ್ತದೆ. ವರ್ಮಾಂಟಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರವರೆಲ್ಲ ಸೇರಿ ರಸ್ತೆ, ಶಾಲೆಗಳ ಬಜೆಟ್ಟಿಗೆ ಮತ ಹಾಕುವ ಟೌನ್ ಮೀಟಿಂಗ್ ಇಂದಿಗೂ ನಡೆಯುತ್ತದೆ, ಅದಕ್ಕೆಂದೇ ಅಚ್ಚಾಗುವ ವರದಿ ಅದು. ಹಿಮವನ್ನು ಕುದುರೆ ಎಳೆಯುವ ರೋಲರಿನಿಂದ ಅದುಮಿ ಜಾರುಬಂಡಿಗೆ ದಾರಿ ಮಾಡಿದ್ದಕ್ಕೆ ಯಾರಿಗೆ ಎಷ್ಟು ಡಾಲರ್ ಕೂಲಿ, ಯಾವ ಬಡ ಕುಟುಂಬಕ್ಕೆ ಎಷ್ಟು ಸೌದೆ ಎಂಬಷ್ಟರ ಮಟ್ಟಿಗೆ ಹಳೆಯ ವರದಿಗಳು ವಿವರ ಕೊಡುತ್ತವೆ.

ಊರಿನಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಿಂದ ಕಟ್ಟಿದ ಕಾರ್ನೆಗಿ ಗ್ರಂಥಾಲಯ ಇದ್ದರೆ (ದೇಶದಲ್ಲಿ 1,600ಕ್ಕೂ ಹೆಚ್ಚು ಎದ್ದವು) ಅದರ ಪತ್ರವ್ಯವಹಾರ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ. ಜಾಗ ಊರಿನದಾಗಬೇಕು, ಕಟ್ಟಡಕ್ಕೆ ಕೊಟ್ಟ ಹಣದ ಶೇಕಡಾ 10ರಷ್ಟನ್ನು ಪ್ರತಿವರ್ಷ ಊರೇ ತೆರಿಗೆಯಿಂದ ಖರ್ಚು ಮಾಡಬೇಕು ಎಂಬುದು ಷರತ್ತು. 10,000 ಡಾಲರ್ ಬಂದರೆ ವರ್ಷಕ್ಕೆ 1,000 ಹೊಂದಿಸಬೇಕು. ಆ ಸಾವಿರಕ್ಕಾಗಿ ನಡೆದ ಜಗಳ, ಮಹಿಳಾ ಕ್ಲಬ್ಬಿನವರು ಓಡಾಡಿದ ಓಡಾಟ ಊರನ್ನು ಚೆನ್ನಾಗಿ ಪರಿಚಯಿಸುತ್ತವೆ.

ಸ್ಮಶಾನದಲ್ಲಿ ಒಂದೇ ಎಚ್ಚರಿಕೆ: ಅಕ್ಷರ ಕಾಣಲೆಂದು ಸೀಮೆಸುಣ್ಣ, ಶೇವಿಂಗ್ ಕ್ರೀಂ, ಬ್ಲೀಚ್, ತಂತಿ ಬ್ರಷ್ ಯಾವುದನ್ನೂ ಕಲ್ಲಿಗೆ ಮುಟ್ಟಿಸಬೇಡಿ. ಅಮೃತಶಿಲೆ ಮಳೆಗೇ ಸಕ್ಕರೆಯಂತೆ ಉದುರುತ್ತಿರುತ್ತದೆ. ಕನ್ನಡಿಯೊಂದರಿಂದ ಬಿಸಿಲನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಾಯಿಸಿ, ಅಕ್ಷರಗಳು ನೆರಳಿನಿಂದ ಎದ್ದು ನಿಲ್ಲುತ್ತವೆ. ನೀಲಿ ಬೂದು ಬಣ್ಣವಿದ್ದು ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವುದು ಕಲ್ಲಲ್ಲ, ಸತು. ಅದರ ಅಕ್ಷರ ಇಂದಿಗೂ ಹೊಸದರಂತಿರುತ್ತದೆ.

ಕಾಣದವರನ್ನು ಹುಡುಕುವುದು

ಸರ್ಕಾರದ ಮೊದಲ ಪತ್ರ ಆ ನೆಲದ ಮೊದಲ ಪುಟವಲ್ಲ. ಅದರ ಹಿಂದೆ ಮೂಲನಿವಾಸಿಗಳೊಂದಿಗಿನ ಒಪ್ಪಂದವೋ ಒಕ್ಕಲೆಬ್ಬಿಸುವಿಕೆಯೋ ಇದೆ. ಯಾವ ಜನ, ಯಾವ ವರ್ಷ, ಯಾವ ಒಪ್ಪಂದ ಎಂದು ಹೆಸರಿಟ್ಟು ಬರೆಯಿರಿ.

1948ಕ್ಕಿಂತ ಹಿಂದಿನ ಬಡಾವಣೆಗಳ ಪತ್ರಗಳಲ್ಲಿ ಬಿಳಿಯರಲ್ಲದವರಿಗೆ ಮಾರಕೂಡದು, ಅವರು ವಾಸಿಸಕೂಡದು ಎಂಬ ಷರತ್ತು ಸಿಗಬಹುದು. ಆ ವರ್ಷ ಶೆಲ್ಲಿ ವಿರುದ್ಧ ಕ್ರೇಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. 1968ರ ವಸತಿ ಕಾಯ್ದೆಯಿಂದ ಅವು ಕಾನೂನುಬಾಹಿರವಾದವು. ಎರಡು ಗಣತಿಗಳ ನಡುವೆ ಊರಿನ ಕಪ್ಪು ಜನರ ಸಂಖ್ಯೆ ಅರವತ್ತರಿಂದ ಎರಡಕ್ಕೆ ಇಳಿದಿದ್ದರೆ ಆ ಹತ್ತು ವರ್ಷದ ಪತ್ರಿಕೆಗಳನ್ನು, ಪಕ್ಕದ ಊರಿನವನ್ನೂ ಸೇರಿಸಿ, ಒಂದು ಸಂಚಿಕೆಯೂ ಬಿಡದೆ ಓದಿ. ಓಡಿಸಿದ ಊರು ಅದನ್ನು ಬರೆದಿಟ್ಟಿರುವುದಿಲ್ಲ, ನೆರೆಯ ಊರು ಬರೆದಿರುತ್ತದೆ. ದಕ್ಷಿಣದ ಊರಾದರೆ ರೋಸನ್ವಾಲ್ಡ್ ನಿಧಿಯ ನೆರವಿನಿಂದ ಕಪ್ಪು ಮಕ್ಕಳಿಗಾಗಿ ಎದ್ದ ಸುಮಾರು 5,000 ಶಾಲೆಗಳಲ್ಲಿ ಒಂದು ಅಲ್ಲಿತ್ತೇ ನೋಡಿ. ಅದಕ್ಕೆ ಆ ಪೋಷಕರೂ ಬಡತನದಲ್ಲೇ ಹಣ, ಮರ, ಕೂಲಿ ಕೊಟ್ಟಿದ್ದರು.

ಹಿರಿಯರ ಮಾತು

ಸಂದರ್ಶನ ಕೊನೆಗಿರಲಿ. ಕೋಷ್ಟಕ ತುಂಬಿದ ಮೇಲೆ ಹೋದರೆ ಕೇಳಲು ನಿಮ್ಮ ಹತ್ತಿರ ಪ್ರಶ್ನೆ ಇರುತ್ತದೆ. ‘ಆಗ ಊರು ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು, ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ’ ಎನ್ನುತ್ತಾರೆ. ಸ್ಯಾನ್‌ಬಾರ್ನ್ ಹಾಳೆಯನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹರಡಿ, ‘ಶಾಲೆಯಿಂದ ಮನೆಗೆ ಹೋಗುವ ದಾರಿಯನ್ನು ಬೆರಳಿಂದ ತೋರಿಸಿ’ ಎನ್ನಿ. ಬೆರಳು ನಿಂತಲ್ಲೆಲ್ಲ ಒಂದೊಂದು ಅಂಗಡಿ, ಒಂದೊಂದು ಹೆಸರು ಬರುತ್ತದೆ. ಬೆರಳು ಯಾವ ಬೀದಿಗೆ ಹೋಗುವುದೇ ಇಲ್ಲ ಎಂಬುದನ್ನೂ ಗಮನಿಸಿ, ಏಕೆ ಎಂದು ಮೆಲ್ಲಗೆ ಕೇಳಿ. ಬೈಪಾಸ್ ಆದದ್ದು ಯಾವಾಗ ಎಂದು ವರ್ಷ ಕೇಳಬೇಡಿ, ನೆನಪು ವರ್ಷವನ್ನು ತಪ್ಪಾಗಿ ಹೇಳುತ್ತದೆ. ‘ಆಗ ನೀವು ಎಲ್ಲಿ ಕೆಲಸ ಮಾಡುತ್ತಿದ್ದಿರಿ?’ ಎಂದು ಕೇಳಿದರೆ ವರ್ಷ ತಾನಾಗಿ ಸಿಗುತ್ತದೆ.

ಎರಡು ರೆಕಾರ್ಡರ್ ಇರಲಿ, ಧ್ವನಿ ಕಡತ ಕುಗ್ಗಿಸದ ವೇವ್ (WAV) ರೂಪದಲ್ಲಿರಲಿ. ಅಡುಗೆಮನೆಯಲ್ಲಿ ಕೂರಬೇಡಿ, ಫ್ರಿಜ್ಜಿನ ಗುಂಯ್ ಸದ್ದು ಕಿವಿಗೆ ಅಲ್ಲಿ ಕೇಳಿಸದು, ರೆಕಾರ್ಡಿಂಗಿನಲ್ಲಿ ಮಾತನ್ನು ನುಂಗುತ್ತದೆ. ತೊಂಬತ್ತು ನಿಮಿಷಕ್ಕೆ ನಿಲ್ಲಿಸಿ, ಬೇಕಾದರೆ ಇನ್ನೊಂದು ದಿನ ಹೋಗಿ. ಬಳಸಲು ಒಪ್ಪಿಗೆ ಪತ್ರಕ್ಕೆ ಅವತ್ತೇ ಸಹಿ ಪಡೆಯಿರಿ. ಸಹಿ ಇಲ್ಲದ ಧ್ವನಿಯನ್ನು ಬಹಳಷ್ಟು ಸಂಗ್ರಹಾಲಯಗಳು ಸ್ವೀಕರಿಸುವುದಿಲ್ಲ.

ಅವರು ಹಳೆಯ ಪೋಸ್ಟ್‌ಕಾರ್ಡ್ ಫೋಟೊ ತೋರಿಸಿದರೆ ಹಿಂಬದಿ ನೋಡಿ. ನಡುವೆ ಗೆರೆ ಎಳೆದು ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ ಎಂದಿದ್ದರೆ ಅದು 1907ರ ಮಾರ್ಚ್ 1ರ ಆಮೇಲಿನದು, ಅದಕ್ಕಿಂತ ಮುಂಚೆ ವಿಳಾಸದ ಬದಿಯಲ್ಲಿ ಸಂದೇಶ ಬರೆಯುವಂತಿರಲಿಲ್ಲ. ಫೋಟೊವನ್ನು ಅಲ್ಲೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಿಂದಿರುಗಿಸಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಯಾರ್ಯಾರು ಎಂದು ಎಡದಿಂದ ಬಲಕ್ಕೆ ಬರೆದುಕೊಳ್ಳಿ. ಫೋಟೊ ಮೇಲೆಯೇ ಬರೆಯಲೇಬೇಕಾದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಯ ಮುಖಗಳ ಮೇಲೆ ಮೂಡುತ್ತದೆ.

ಬರೆಯುವಾಗ ಪ್ರತಿ ವಾಕ್ಯದ ಪಕ್ಕದಲ್ಲೂ ಅದು ಯಾವ ಪುಸ್ತಕದ ಯಾವ ಪುಟದಿಂದ, ಯಾವ ಸಂಚಿಕೆಯಿಂದ ಬಂತು ಎಂಬುದಿರಲಿ. ಒಂದೇ ದಾಖಲೆಯಿಂದ ಬಂದದ್ದಕ್ಕೆ ಒಂದು ಚುಕ್ಕಿ, ಎರಡು ಬೇರೆ ಜಾತಿಯ ದಾಖಲೆ ತಾಳೆಯಾದದ್ದಕ್ಕೆ ಎರಡು ಚುಕ್ಕಿ ಇಡಿ. ಒಂದೇ ಚುಕ್ಕಿಯ ವಾಕ್ಯಗಳಲ್ಲಿ ‘ಪತ್ರಿಕೆಯ ಪ್ರಕಾರ’ ಎಂಬ ಮಾತು ಸೇರಿಸಿ. ಮುಗಿದ ಮೇಲೆ ಕೋಷ್ಟಕ, ಧ್ವನಿ, ಸ್ಕ್ಯಾನ್‌ಗಳ ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ, ಒಂದು ಕೌಂಟಿ ಹಿಸ್ಟಾರಿಕಲ್ ಸೊಸೈಟಿಗೆ, ಒಂದು ರಾಜ್ಯದ ದಾಖಲೆ ಭಂಡಾರಕ್ಕೆ ಕೊಡಿ. ಮೂರೂ ಒಂದೇ ಊರಿನಲ್ಲಿ ಇರದಂತೆ ನೋಡಿಕೊಳ್ಳಿ, ಬೆಂಕಿಯೂ ನೆರೆಯೂ ಆ ಊರುಗಳಿಗೆ ಹೊಸತಲ್ಲ.